ಏಳು ಅನ್ನದ ಎಣಿಕೆ

ಊರಿಗೆ ಮರಳಿದ ಮೇಲೆ ಎಲ್ಲರೂ ಕೇಳುವುದು ಚಳಿಯ ಸುದ್ದಿ. "ಆ ಬರ್ಫದಾಗ ಹೆಂಗ ಇದ್ರಿ ಬಾಯಾರ?" ಎಂದು ಅಥಣಿಯ ನನ್ನ ಕ್ಲಿನಿಕ್ಕಿಗೆ ಬರುವವರು ಮೊಣಕಾಲು ಚಾಚಿಕೊಂಡೇ ವಿಚಾರಿಸುತ್ತಾರೆ. ಸ್ವೆಟರಿನ ಮೇಲೆ ಸ್ವೆಟರು ಹಾಕಿದರೆ ಚಳಿ ತಡೆಯಬಹುದು ಎಂದು ಹೇಳಿ ಮುಗಿಸುತ್ತೇನೆ. ಅಲ್ಲಿ ತಡೆಯಲಾಗದ್ದು ಬೇರೆ ಇತ್ತು. ಫಿನ್ಲೆಂಡಿನ ಜನ ಮಾತಾಡುವುದಿಲ್ಲ. ನಾನೋ, ಅರ್ಧ ತಾಸು ಬಾಯಿ ಮುಚ್ಚಿಕೊಂಡು ಕೂತರೆ ಹೊಟ್ಟೆ ಉಬ್ಬುವವಳು. ಅಂಥವಳು ಅಲ್ಲಿಗೆ ಯಾಕೆ ಹೋದೆ, ಹೋಗಿ ಏನು ಮಾಡಿಕೊಂಡೆ ಎಂಬುದನ್ನು ಪೇಶಂಟಿನ ಕಾಲು ಹಿಡಿದುಕೊಂಡು ಹೇಳಲು ಆಗುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಐಗಳಿ, ಹೊರಡುವ ಮೊದಲು

ನಾನು ಫಿಜಿಯೋಥೆರಪಿ ಓದಿದವಳು. ಕಬ್ಬು ಕಡಿದು ಸೊಂಟ ಹಿಡಿದ ಗಂಡಸರು, ನಿಪ್ಪಾಣಿ ಕಡೆಯ, ಬೀಡಿ ಸುತ್ತಿ ಸುತ್ತಿ ಕುತ್ತಿಗೆ ಸೆಟೆದ ಹೆಣ್ಣುಮಕ್ಕಳು, ಇವರೇ ನನ್ನ ಜನ. ವಾರಕ್ಕೊಮ್ಮೆ ಕಾಗವಾಡಕ್ಕೂ ಹೋಗುತ್ತೇನೆ. ಎಷ್ಟು ಓದಿದ್ದರೇನು, ಊರಲ್ಲಿ ನನ್ನ ಹೆಸರು 'ಮಾಲೀಶ್ ಬಾಯಾರು'. ಮೊದಮೊದಲು ಸಿಟ್ಟು ಬರುತ್ತಿತ್ತು, ಆಮೇಲೆ ರೂಢಿಯಾಯಿತು.

ನಮ್ಮದು ಐಗಳಿಯಲ್ಲಿ ದ್ರಾಕ್ಷಿ ತೋಟ. ನಾನು ಕೂಸಾಗಿದ್ದಾಗಲೇ ಅವ್ವ ಹೋದಳು. ದೊಡ್ಡಪ್ಪನ ಹೆಂಡತಿ, ನನ್ನ ದೊಡ್ಡವ್ವ, ತನ್ನ ಮಗನ ಜೊತೆ ನನ್ನನ್ನೂ ಸಾಕಿದಳು. ಆ ಮನೆಯಲ್ಲಿ ಬಹಳ ವರ್ಷಗಳ ಮೇಲೆ ಹುಟ್ಟಿದ ಹೆಣ್ಣು ನಾನು. ಅವಳಿಗೆ ನಾನು ರೇಣುಕಾ ಅಲ್ಲ, ಲಕ್ಷ್ಮಿ. ಬೆಳಿಗ್ಗೆ ಎಬ್ಬಿಸುವಾಗ ಕೂಡ 'ಏಳು' ಎನ್ನುತ್ತಿರಲಿಲ್ಲ. "ಹೊತ್ತಾತ ನೋಡ, ಲಕ್ಷ್ಮೀ" ಎಂದು ಹೊದಿಕೆ ಎಳೆಯುತ್ತಿದ್ದಳು.

'ಏಳು' ಎಂಬ ಶಬ್ದಕ್ಕೆ ಅವಳು ಅಂಜುತ್ತಿದ್ದುದು ರಾಶಿಯ ಕಣದಿಂದ ಬಂದದ್ದು. ಜೋಳದ ರಾಶಿಯ ಮುಂದೆ ಕೂತು ಸೇರಿನಿಂದ ಅಳೆಯುವಾಗ ಅವಳು ಒಂದು ಎನ್ನುತ್ತಿರಲಿಲ್ಲ. ಮೊದಲ ಸೇರಿಗೆ 'ಲಾಭ'. ಆಮೇಲೆ ಎರಡ, ಮೂರ, ನಾಕ, ಐದ, ಆರ. ಏಳರ ಜಾಗದಲ್ಲಿ 'ಮತ್ತೊಂದ'. ಅಲ್ಲಿಂದ ಎಂಟ, ಒಂಬತ್ತ, ಹತ್ತ. ಚಿಕ್ಕವಳಿದ್ದಾಗ ಯಾಕೆ ಎಂದು ಕೇಳಿದ್ದೆ.

"ರಾಶಿ ಮುಂದ ಆ ಮಾತ ಅನಬಾರದವಾ. ಹಂಗ ಅಂದ್ರ ಲಕ್ಷ್ಮಿ ಎದ್ದ ಹೋಗಿಬಿಡ್ತಾಳ."

ಈ ಎಣಿಕೆ ಮುಂದೆ ನನ್ನ ಕಸುಬಿಗೂ ಬಂತು. ಕ್ಲಿನಿಕ್ಕು ತೆರೆದ ಹೊಸತರಲ್ಲಿ ರಾಯಬಾಗದ ಒಬ್ಬ ಕಾಕಾನನ್ನು ಮಲಗಿಸಿ ಕಾಲು ಎತ್ತಿಸುತ್ತಿದ್ದೆ. ಐದು, ಆರು, ಏಳು ಎಂದೆ. ಕಾಕಾ ಮಂಚದಿಂದ ಇಳಿದು ಚಪ್ಪಲಿ ಮೆಟ್ಟಿಕೊಂಡು ಹೊರಟೇಬಿಟ್ಟ. "ಯಾಕ್ರಿ ಕಾಕಾ?" ಎಂದರೆ, "ನೀವ ಏಳ ಅಂದ್ರೆಲ್ರಿ ಬಾಯಾರ" ಎಂದ. ಅಂದಿನಿಂದ ನನ್ನ ಕ್ಲಿನಿಕ್ಕಿನಲ್ಲಿ ಏಳು ಇಲ್ಲ, ಮತ್ತೊಂದೇ.

ನಾನು ಹೊರಡುವುದಕ್ಕೆ ಮೂರು ವರ್ಷ ಮೊದಲು ದೊಡ್ಡವ್ವನಿಗೆ ಲಕ್ವಾ ಹೊಡೆಯಿತು. ಬಲಗೈ, ಬಲಗಾಲು ಬಿದ್ದವು, ಮಾತು ಹೋಯಿತು. ಆದರೆ ಎಣಿಕೆ ಉಳಿಯಿತು. ಮಿದುಳಿಗೆ ಪೆಟ್ಟು ಬಿದ್ದವರಲ್ಲಿ ಹೀಗಾಗುವುದುಂಟು. ನೀರು ಬೇಕು ಎನ್ನಲು ಬಾರದವರು ಬಾಯಿಪಾಠವಾದದ್ದನ್ನು ಸರಾಗ ಹೇಳುತ್ತಾರೆ. ದೊಡ್ಡವ್ವನಿಗೆ ಹಸಿವಾದರೂ ಸಿಟ್ಟು ಬಂದರೂ ನೋವಾದರೂ ಬಾಯಿಗೆ ಬರುವುದು ಒಂದೇ: "ಲಾಭ, ಎರಡ, ಮೂರ, ನಾಕ, ಐದ, ಆರ..." ಅಲ್ಲಿಗೆ ಬಂದು ನಿಲ್ಲುತ್ತಾಳೆ. ನಾನು "ಮತ್ತೊಂದ" ಎಂದು ಕೈಗೆ ಕೊಟ್ಟರೆ ಹಿಡಿದುಕೊಂಡು ಹತ್ತರ ತನಕ ಹೋಗುತ್ತಾಳೆ. ದಿನಾ ಕುರ್ಚಿಯಿಂದ ಎಬ್ಬಿಸಿ ಕೂರಿಸಿ, ಕೋಲು ಹಿಡಿದು ಪಡಸಾಲೆಯಲ್ಲಿ ಓಡಾಡುವಷ್ಟು ಮಾಡಿದೆ. ಅದರಾಚೆ ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂಬುದು ದಿನಾ ಅವಳ ಮುಖದಲ್ಲಿ ಕಾಣುತ್ತಿತ್ತು.

ಹಾಗಾಗಿ ಲಕ್ವಾ ಹೊಡೆದವರನ್ನು ಚೇತರಿಸಿಕೊಳ್ಳುವಂತೆ ಮಾಡುವ ವಿಷಯದಲ್ಲೇ ಎರಡು ವರ್ಷದ ಮಾಸ್ಟರ್ಸ್ ಓದಬೇಕೆಂದು ಹೊರಟೆ. ಚಿಕ್ಕೋಡಿಯ ಗೆಳತಿಯ ಲ್ಯಾಪ್‌ಟಾಪಿನಲ್ಲಿ ಕೂತು ನಾಲ್ಕಾರು ಕಡೆ ಅರ್ಜಿ ಹಾಕಿದೆ. ಫಿನ್ಲೆಂಡಿನ ನಡುಭಾಗದ ಒಂದು ಕಾಲೇಜು ಮಾತ್ರ ಕೊನೆಯ ಸುತ್ತಿಗೆ ಕರೆಯಿತು. ಅವರಿಗೆ ನಮ್ಮ ಮಾರ್ಕು ಸಾಲದಂತೆ, ಅಲ್ಲೇ ಪರೀಕ್ಷೆ ಇಟ್ಟು ಪೇಶಂಟಿನ ಮೇಲೆ ನಮ್ಮ ಕೈ ಹೇಗೆ ನಡೆಯುತ್ತದೆ ಎಂದು ನೋಡಬೇಕಂತೆ.

ದೊಡ್ಡವ್ವನ ಮಗ, ನನ್ನ ಅಣ್ಣ, ಹೋಗು ಎಂದ. ಅಣ್ಣನ ಹೆಂಡತಿ ಶೈಲಾ ವೈನಿ ಬೋರಗಾಂವದವಳು, ಮರಾಠಿಯೊಂದಿಗೆ ಬೆಳೆದವಳು, ನನಗಿಂತ ಗಟ್ಟಿ. "ಕಾಳಜಿ ಮಾಡಬ್ಯಾಡ, ಅತ್ಯಾರನ್ನ ನಾ ನೋಡಕೋತೀನಿ" ಎಂದಳು. ಉಳಿದದ್ದು ದೊಡ್ಡವ್ವನ ಒಪ್ಪಿಗೆ. ಹೊರಡುವ ದಿನ ಅವಳ ಮುಂದೆ ಕೂತು, "ದೊಡ್ಡವ್ವಾ, ಸೀಟ ಸಿಕ್ರ ಅಲ್ಲೇ ಓದಲೇನ?" ಎಂದು ಕೇಳಿದೆ. ನನ್ನ ಮುಖವನ್ನೇ ನೋಡುತ್ತ, "ಲಾಭ, ಎರಡ, ಮೂರ, ನಾಕ, ಐದ, ಆರ..." ಎಂದಳು. ಬಾಗಿಲಲ್ಲಿ ಗಾಡಿ ನಿಂತಿತ್ತು. ನಾನು "ಮತ್ತೊಂದ" ಎಂದೆ. ಅವಳು ಎಂಟ, ಒಂಬತ್ತ, ಹತ್ತ ಎಂದು ಮುಗಿಸಿದಳು. ಹೌದೋ ಅಲ್ಲವೋ ತಿಳಿಯದೆ ಕಾಲು ಮುಟ್ಟಿ ನಮಸ್ಕಾರ ಮಾಡಿ ಹೊರಟೆ.

ಬಸ್ಸು

ಅಥಣಿಯ ಸ್ಟ್ಯಾಂಡಿನಲ್ಲಿ ಬಸ್ಸು ನಿಲ್ಲುವ ಮೊದಲೇ ಕಿಟಕಿಯಿಂದ ಕರ್ಚೀಫು, ಟವೆಲ್ಲು, ಒಮ್ಮೊಮ್ಮೆ ಕೂಸು ಕೂಡ ಒಳಗೆ ಹೋಗುತ್ತವೆ. ಸೀಟು ಹಿಡಿಯುವ ಆ ವಿದ್ಯೆಯಲ್ಲಿ ನಾನು ಹಿಂದೆ ಬಿದ್ದವಳಲ್ಲ. ಹೆಲ್ಸಿಂಕಿಯಿಂದ ಕಾಲೇಜಿನ ಊರಿಗೆ ಹೋಗುವ ಬಸ್ಸಿಗಾಗಿ ಜನ ನಿಂತದ್ದನ್ನು ನೋಡಿ, ಇವರೆಲ್ಲ ಬೇರೆ ಬೇರೆ ಬಸ್ಸಿಗೆ ಕಾಯುತ್ತಿರಬೇಕು ಎಂದುಕೊಂಡೆ. ಒಬ್ಬರಿಗೂ ಇನ್ನೊಬ್ಬರಿಗೂ ನಡುವೆ ಒಂದು ಎಮ್ಮೆ ಅಡ್ಡ ನಿಲ್ಲುವಷ್ಟು ಜಾಗ. ನಾನು ಆ ಜಾಗ ಖಾಲಿ ಎಂದು ತಿಳಿದು ಹೋಗಿ ನಿಂತೆ. ಮುಂದಿನವರು ಮುಂದೆ ಸರಿದರು, ಹಿಂದಿನವರು ಹಿಂದೆ ಸರಿದರು. ಸಾಲಿನಲ್ಲಿ ನನ್ನ ಸುತ್ತ ಕಣವೊಂದು ತಯಾರಾಯಿತು.

ಬಸ್ಸಿನಲ್ಲಿ ನನ್ನ ಪಕ್ಕದ ಸೀಟು ಕೊನೆಯ ತನಕ ಖಾಲಿ ಇತ್ತು. ಜನ ಹತ್ತಿದರು, ನೋಡಿದರು, ಖಾಲಿ ಸಾಲು ಹುಡುಕಿಕೊಂಡು ಹಿಂದೆ ಹೋದರು. ನನ್ನಿಂದ ಬೆಳ್ಳುಳ್ಳಿ ಚಟ್ನಿಯ ವಾಸನೆ ಬರುತ್ತಿದೆಯೇ ಎಂದು ಶಾಲು ಮೂಸಿ ನೋಡಿಕೊಂಡೆ. ಆಮೇಲೆ ಗಮನಿಸಿದರೆ ಎಲ್ಲರೂ ಹಾಗೇ ಒಬ್ಬೊಬ್ಬರೇ ಕೂತಿದ್ದರು. ಅವಮಾನ ಕಡಿಮೆಯಾಯಿತು. ಒಂಟಿತನ ಕಡಿಮೆಯಾಗಲಿಲ್ಲ. ಹೊರಗೆ ಬಿಳಿ ಹೊಲ, ಕಪ್ಪು ಮರ, ಮತ್ತೆ ಬಿಳಿ ಹೊಲ. ಎಲ್ಲಿಯೂ ಒಂದು ಆಕಳಿಲ್ಲ, ಕಟ್ಟೆಯ ಮೇಲೆ ಕೂತ ಒಬ್ಬ ಮುದುಕನಿಲ್ಲ. ನಮ್ಮ ಕಡೆ ಬಸ್ಸಿನಲ್ಲಿ ಪಕ್ಕದವಳು ಇಳಿಯುವ ಹೊತ್ತಿಗೆ ನನ್ನ ಲಗ್ನದ ವಿಚಾರ, ಅವಳ ಸೊಸೆಯ ವಿಚಾರ ಎರಡೂ ಮುಗಿದಿರುತ್ತಿದ್ದವು. ಎಷ್ಟು ಸಲ ಅದಕ್ಕೆ ಬೇಸರಪಟ್ಟಿದ್ದೇನೋ. ಆ ದಿನ ಯಾರಾದರೂ ಬಂದು "ನಿಂದಿನ್ನೂ ಲಗ್ನ ಆಗಿಲ್ಲೇನವಾ?" ಎಂದು ಕೇಳಿದ್ದರೆ ಅವರ ಕೈ ಹಿಡಿದುಕೊಳ್ಳುತ್ತಿದ್ದೆ.

ಅಡುಗೆಮನೆ

ಉಳಿದುಕೊಂಡದ್ದು ಹಾಸ್ಟೆಲ್ಲಿನಂಥ ಕಟ್ಟಡದಲ್ಲಿ. ಕೋಣೆ ಒಬ್ಬೊಬ್ಬರಿಗೆ, ಅಡುಗೆಮನೆ ಎಲ್ಲರಿಗೂ. ಚಪ್ಪಲಿ ಬೂಟು ಹೊರಗೇ ಬಿಡಬೇಕು ಎಂಬುದನ್ನು ನೋಡಿ ಖುಷಿಯಾಯಿತು. ಬಾಗಿಲಲ್ಲಿ ಬೂಟುಗಳ ಸಾಲು ನಮ್ಮ ಊರಿನ ಮಠದ ಮುಂದೆ ಇದ್ದ ಹಾಗಿತ್ತು. ಒಳಗೆ ಮಾತ್ರ ಮಠದ ಗದ್ದಲವಿರಲಿಲ್ಲ. ಇಬ್ಬರು ಮೂವರು ಬಂದು ತಮ್ಮ ತಮ್ಮ ಡಬ್ಬಿ ಬಿಸಿ ಮಾಡಿಕೊಂಡು, ನನ್ನ ಕಡೆ ತಲೆ ಆಡಿಸಿ ಕೋಣೆಗೆ ಹೋಗುತ್ತಿದ್ದರು.

ನಮ್ಮ ತೋಟದ ಒಣದ್ರಾಕ್ಷಿ ತಂದಿದ್ದೆ. ಒಂದು ಬಟ್ಟಲಿಗೆ ಹಾಕಿ ಅಡುಗೆಮನೆಯ ಮೇಜಿನ ನಡುವೆ ಇಟ್ಟೆ. ನಮ್ಮ ಮನೆಯಲ್ಲಿ ಹೀಗೆ ಇಟ್ಟರೆ ಹೋಗಿ ಬರುವವರೆಲ್ಲ ಒಂದೊಂದು ಹಿಡಿ ಬಾಯಿಗೆ ಹಾಕಿಕೊಂಡು, ಸಂಜೆಗೆ ಬಟ್ಟಲು ತೊಳೆಯಲು ಬರುತ್ತದೆ. ಇಲ್ಲಿ ಸಂಜೆಗೂ ಹಾಗೇ ಇತ್ತು. ಬೆಳಿಗ್ಗೆಯೂ ಹಾಗೇ. ಯಾರೋ ಮೇಜು ಒರೆಸಿದ್ದರು, ಬಟ್ಟಲನ್ನು ಎತ್ತಿ ಒರೆಸಿ ಅದೇ ಜಾಗದಲ್ಲಿ ಇಟ್ಟಿದ್ದರು. ನನಗೆ ಅಳು ಬಂತು. ದ್ರಾಕ್ಷಿಗಾಗಿ ಅಳುವ ವಯಸ್ಸೇ ಇದು ಎಂದು ನನ್ನನ್ನೇ ಬೈದುಕೊಂಡೆ. ಆದರೂ ಬಂತು.

ಒಂದು ಚೀಟಿಯಲ್ಲಿ 'ದಯವಿಟ್ಟು ತಗೊಳ್ಳಿ, ನಮ್ಮ ತೋಟದ್ದು' ಎಂದು ಇಂಗ್ಲಿಷಿನಲ್ಲಿ ಬರೆದು ಬಟ್ಟಲಿಗೆ ಒರಗಿಸಿದೆ. ಪರೀಕ್ಷೆಯ ಬೆಳಿಗ್ಗೆ ನೋಡಿದರೆ ಬಟ್ಟಲು ಅರ್ಧ ಆಗಿತ್ತು, ಪಕ್ಕದಲ್ಲಿ ಕಪ್ಪು ಮಿಠಾಯಿಯ ಪೊಟ್ಟಣ. ಬೇರೆಯವರದ್ದನ್ನು ಹೇಳದೆ ಮುಟ್ಟಬಾರದು ಎಂದು ಅವರು ಅಷ್ಟು ಹೊತ್ತು ಕಾದಿದ್ದರು. ಸಂತೋಷದಿಂದ ಒಂದು ಮಿಠಾಯಿ ಬಾಯಿಗೆ ಹಾಕಿಕೊಂಡೆ. ಉಪ್ಪು! ಅಂಥಿಂಥ ಉಪ್ಪಲ್ಲ, ಬ್ಯಾಟರಿ ನೆಕ್ಕಿದ ಹಾಗೆ. ಯಾರಿಗೂ ಕಾಣದಂತೆ ಸಿಂಕಿಗೆ ಉಗುಳಿ ಬಾಯಿ ತೊಳೆದುಕೊಂಡು ಪರೀಕ್ಷೆಗೆ ಹೊರಟೆ.

ಪರೀಕ್ಷೆಯ ಕೋಣೆ

ಕೋಣೆಯಲ್ಲಿ ಒಂದು ಮಂಚ, ಒಂದು ಕುರ್ಚಿ. ಮೂಲೆಯಲ್ಲಿ ಬರೆದುಕೊಳ್ಳಲು ಕೂತ ಪ್ರಾಧ್ಯಾಪಕಿ, ಕತ್ತರಿಸಿದ ಬೆಳ್ಳಿಗೂದಲಿನ ತೆಳ್ಳಗಿನ ಹೆಂಗಸು. ಕುರ್ಚಿಯಲ್ಲಿ ಪೇಶಂಟು. ನಮ್ಮ ಪರೀಕ್ಷೆಗಾಗಿಯೇ ಬಂದಿದ್ದ ಮುದುಕಿ, ಹಿಂದೊಮ್ಮೆ ಲಕ್ವಾ ಹೊಡೆದು ಚೇತರಿಸಿಕೊಂಡವರು. ಎಡಗಾಲು ಇನ್ನೂ ಸ್ವಲ್ಪ ಸೋಲುತ್ತಿತ್ತು. ಹೆಸರು ಐಲಾ.

ಹೆಸರು ಕೇಳಿದ್ದೇ ನನಗೆ ನಗು ತಡೆಯುವುದು ಕಷ್ಟವಾಯಿತು. ನಮ್ಮ ಗಡಿ ಸೀಮೆಯಲ್ಲಿ 'ಐಲಾ' ಎಂದರೆ ಮರಾಠಿಯ ಒಂದು ಹಗುರ ಬೈಗುಳ. ಟ್ರಕ್ಕಿನ ಟಾಯರು ಪಂಕ್ಚರಾದಾಗ ಬರುವ ಮಾತು. ಚಿಕ್ಕವಳಿದ್ದಾಗ ಒಮ್ಮೆ ಅಂದು ದೊಡ್ಡವ್ವನ ಕೈಲಿ ಏಟು ತಿಂದಿದ್ದೆ. ಈಗ ಮರ್ಯಾದಸ್ಥ ಮುದುಕಿಯೊಬ್ಬರ ಮುಂದೆ ನಿಂತು, ಕೈ ಜೋಡಿಸಿ, "ಗುಡ್ ಮಾರ್ನಿಂಗ್ ಐಲಾ" ಎಂದೆ. ಅಂಜಿಕೆಯ ನಡುವೆ ಅದೊಂದೇ ಹಗುರ ಗಳಿಗೆ.

ಮಾಡಬೇಕಾದ ಕೆಲಸ ನನ್ನ ದಿನನಿತ್ಯದ್ದೇ. ಕುರ್ಚಿಯಿಂದ ಹತ್ತು ಸಲ ಎಬ್ಬಿಸಿ ಕೂರಿಸಬೇಕು, ಕಾಲಿನ ಮೇಲೆ ಭಾರ ಸರಿಯಾಗಿ ಬೀಳುವಂತೆ ನೋಡಬೇಕು. ಮೊಣಕಾಲಿನ ಹತ್ತಿರ ಕೂತು, ಸೊಂಟಕ್ಕೆ ಕೈ ಆನಿಸಿ, ಇಂಗ್ಲಿಷಿನಲ್ಲಿ ಹೇಳಿಕೊಟ್ಟೆ. "ತಯಾರಾ?" ಎಂದೆ.

ಐಲಾ ಉಸಿರು ಒಳಗೆಳೆದುಕೊಂಡು "ಯೋ" ಎಂದರು.

ನನಗೆ ಅದು 'ಅಯ್ಯೋ' ಎನ್ನಲು ಹೋಗಿ, ಮೊದಲಕ್ಷರ ನುಂಗಿಕೊಂಡು, ಉಳಿದರ್ಧವನ್ನು ಒಳಗೇ ಎಳೆದುಕೊಂಡ ಹಾಗೆ ಕೇಳಿಸಿತು.

ಇಲ್ಲಿ ನಮ್ಮ ಜನರ ಸ್ವಭಾವ ಹೇಳಬೇಕು. ನಮ್ಮಲ್ಲಿ ಡಾಕ್ಟರ ಮುಂದೆ ನೋವು ಎಂದು ಒಪ್ಪಿಕೊಂಡರೆ ಡಾಕ್ಟರಿಗೆ ಅವಮಾನ. "ಬ್ಯಾನಿ ಆಗಾಕತ್ತೈತೇನ್ರಿ?" ಎಂದರೆ, "ಏನಿಲ್ರಿ ಬಾಯಾರ, ಜರಾ ಜುಮ್ ಅಂತೈತಿ ಅಷ್ಟ" ಎನ್ನುತ್ತಾರೆ. ಎನ್ನುವಾಗ ಕಣ್ಣಲ್ಲಿ ನೀರು ನಿಂತಿರುತ್ತದೆ. ಅದಕ್ಕೇ ನಾನು ಬಾಯಿಯ ಮಾತು ನಂಬುವುದಿಲ್ಲ, ಉಸಿರಿಗೆ ಕಿವಿ ಕೊಡುತ್ತೇನೆ. ಉಸಿರು ಒಳಗೆ ಹೋಗಿ ನಿಂತರೆ ಕೈ ನಿಲ್ಲಿಸುತ್ತೇನೆ. ಅಥಣಿಯಲ್ಲಿ ಈ ಕಿವಿ ನನಗೆ ಎಂದೂ ಮೋಸ ಮಾಡಿರಲಿಲ್ಲ.

ಕೈ ತೆಗೆದೆ. ಮೊಣಕಾಲು ಒತ್ತಿ ನೋಡಿದೆ, ಕುರ್ಚಿ ಎತ್ತರ ಮಾಡಿದೆ. ಮತ್ತೆ ಶುರು ಮಾಡಿದೆ. ಎರಡು ಸಲ ಎದ್ದು ಕೂತರು. "ಸರಿಯಾಗಿದೆಯೇ?" ಎಂದೆ. ಮತ್ತೆ ಆ ಉಸಿರು, ಮತ್ತೆ "ಯೋ". ಮತ್ತೆ ನಿಲ್ಲಿಸಿದೆ, ಪಾದ ಸರಿಸಿದೆ, ಸ್ವಲ್ಪ ಹೊತ್ತು ಕೂರಿಸಿದೆ. ಐಲಾ ನನ್ನನ್ನು ಕನಿಕರದಿಂದ ನೋಡುತ್ತಿದ್ದರು, ಪಾಪ ಇವಳಿಗೆ ಏನೋ ಆಗಿದೆ ಎಂಬ ಹಾಗೆ. ಮೂಲೆಯಲ್ಲಿ ಪೆನ್ನು ಓಡಿತು. ಅಂಜಿಕೆಗೆ ನನ್ನ ಇಂಗ್ಲಿಷ್ ಎಣಿಕೆ ಕೈಬಿಟ್ಟು ಕಣದ ಎಣಿಕೆ ಬಾಯಿಗೆ ಬಂದದ್ದು ನನಗೇ ತಿಳಿಯಲಿಲ್ಲ. ನಾಕ, ಐದ, ಆರ ಎನ್ನುವಾಗ ಹೊತ್ತು ಮುಗಿದ ಗಂಟೆ ಹೊಡೆಯಿತು. ಹತ್ತು ಮುಗಿಸಲಾಗಲಿಲ್ಲ.

ಪ್ರಾಧ್ಯಾಪಕಿ "ಥ್ಯಾಂಕ್ ಯೂ" ಎಂದರು. ನಾಳೆ ಸಂದರ್ಶನಕ್ಕೆ ಬನ್ನಿ ಎಂದರು.

ಕೆರೆ

ಕಾಲೇಜಿನ ಹಿಂದೆ ದೊಡ್ಡ ಕೆರೆ, ಹೆಪ್ಪುಗಟ್ಟಿತ್ತು. ಜನ ಅದರ ಮೇಲೆ ನಾಯಿ ಕರೆದುಕೊಂಡು ಅಡ್ಡಾಡುತ್ತಿದ್ದರು. ನಮ್ಮಲ್ಲಿ ಕೃಷ್ಣೆಯ ನೀರಿನ ಮೇಲೆ ಯಾರಾದರೂ ನಡೆದರೆ ಅವರ ಹೆಸರಿನಲ್ಲಿ ಮಠ ಕಟ್ಟುತ್ತೇವೆ. ಇಲ್ಲಿ ನಾಯಿಗೂ ಅದು ದಿನದ ಮಾತು. ನಾನೂ ಇಳಿದೆ. ಮೊದಲ ಹೆಜ್ಜೆಗೇ ಜಾರಿ ಕೂತೆ. ದೂರದಲ್ಲಿದ್ದ ಒಬ್ಬ ಮನುಷ್ಯ ತಿರುಗಿ ನೋಡಿ, ನಾನು ಎದ್ದದ್ದು ಖಾತ್ರಿಯಾದ ಮೇಲೆ ಮುಂದೆ ಹೋದ. ನಗಲಿಲ್ಲ, ಹತ್ತಿರವೂ ಬರಲಿಲ್ಲ. ಐಗಳಿಯಲ್ಲಿ ಬಿದ್ದಿದ್ದರೆ ಹತ್ತು ಜನ ನಕ್ಕು, ಹತ್ತು ಜನ ಎತ್ತಿ, ಚಹಾ ಕುಡಿಸಿ, ಸಂಜೆಗೆ ಮನೆಗೇ ಬಂದು ವಿಚಾರಿಸುತ್ತಿದ್ದರು.

ಆ ಬಿಳಿ ಬಯಲಿನ ನಡುವೆ ನಿಂತು ನನಗೆ ಸೋಲು ಪೂರ್ತಿ ಗೊತ್ತಾಯಿತು. ಸೀಟು ಹೋಯಿತು ಎಂದುಕೊಂಡೆ. ಅದಕ್ಕಿಂತ ಹೆಚ್ಚಾಗಿ, ಸಿಕ್ಕರೂ ಇಲ್ಲಿ ಎರಡು ವರ್ಷ ಇರುವುದು ಹೇಗೆ ಎಂದು ಅಂಜಿಕೆಯಾಯಿತು. ಎಷ್ಟು ದಿನವಾಯಿತು ಯಾರೊಂದಿಗಾದರೂ ಎದುರೆದುರು ಕನ್ನಡದಲ್ಲಿ ಮಾತಾಡಿ? "ಏನ್ ರೇಣುಕವ್ವಾ, ಆರಾಮ ಅದೀಯೇನ?" ಎಂದು ನನಗೆ ನಾನೇ ಗಟ್ಟಿಯಾಗಿ ಕೇಳಿಕೊಂಡೆ. "ಇಲ್ಲವಾ" ಎಂದು ನಾನೇ ಹೇಳಿದೆ. ಧ್ವನಿ ಹಾಗೇ ಬಯಲಲ್ಲಿ ಹೋಯಿತು.

ಬಸ್ ಸ್ಟಾಪಿಗೆ ಬಂದರೆ ಅಲ್ಲಿ ಐಲಾ. ಕೆಂಪು ಟೊಪ್ಪಿಗೆ, ಕೈಯಲ್ಲಿ ಕೋಲು. ನಾನು ರೂಢಿಯಂತೆ ಹತ್ತಿರ ಹೋಗಿ ನಿಂತೆ. ಅವರು ಒಂದು ಹೆಜ್ಜೆ ಸರಿದರು. ಮಾತಾಡದೆ ಇರಲಾರದೆ, "ಈ ಬಸ್ಸು ಸ್ಟೇಶನ್ನಿಗೆ ಹೋಗುತ್ತದಾ?" ಎಂದು ಇಂಗ್ಲಿಷಿನಲ್ಲಿ ಕೇಳಿದೆ.

ಉಸಿರು ಒಳಗೆಳೆದುಕೊಂಡು "ಯೋ" ಎಂದರು.

ನನ್ನ ಕಣ್ಣು ತಾನಾಗಿ ಅವರ ಮೊಣಕಾಲಿಗೆ ಹೋಯಿತು. ಸುಮ್ಮನೆ ನಿಂತವರಿಗೆ ಯಾವ ನೋವು? ಮುಖ ನೋಡಿದರೆ ಹಸನಾಗಿತ್ತು.

"ಇವತ್ತು ಬಿಸಿಲು ಚೆನ್ನಾಗಿದೆ ಅಲ್ಲವಾ?" ಎಂದೆ.

"ಯೋ." ಮತ್ತೆ ಒಳಗಿನ ಉಸಿರು.

"ನಿಮಗೆ ನೋವು ಇದೆಯಾ?"

"ನೋ, ನೋ!" ಇದು ಮಾತ್ರ ಗಟ್ಟಿಯಾಗಿ, ಹೊರಗಿನ ಉಸಿರಿನಲ್ಲಿ ಬಂತು.

ಆಗ ತಲೆಗೆ ಹೊಳೆಯಿತು. "ಯೋ ಎಂದರೆ ಯೆಸ್ ಎಂದೇ?" ಎಂದು ಕೇಳಿದೆ. ಅವರು "ಯೋ" ಎಂದರು, ಎಂದದ್ದು ತಮಗೇ ಕೇಳಿಸಿ ನಕ್ಕರು. ಅಲ್ಲಿನ ಜನ, ಅದರಲ್ಲೂ ಹೆಂಗಸರು, ಹೌದು ಎನ್ನುವುದನ್ನು ಉಸಿರು ಒಳಗೆಳೆದುಕೊಂಡು ಹೇಳುತ್ತಾರಂತೆ. ನಾನು ತಲೆ ಹಿಡಿದುಕೊಂಡು "ಅಯ್ಯೋ!" ಎಂದೆ. ನಮ್ಮ ಕಡೆ ನೋವಾದರೆ ಹೀಗೆ, ನಿಮ್ಮದು ಅದರ ಅರ್ಧ ಎಂದು ಕೈಸನ್ನೆ ಮಾಡಿ ತಿಳಿಸಿದೆ. ಐಲಾ ನಾಲಿಗೆ ಹೊರಳಿಸಿ "ಅಯ್ಯೋ" ಎಂದು ಹೇಳಿ ನೋಡಿದರು. ನಮ್ಮೂರ ಅಜ್ಜಿಯರ ಹಾಗೇ ಬಂತು. ಬಸ್ಸಿನಲ್ಲಿ ಅವರು ಒಂದು ಸಾಲಿನಲ್ಲಿ ಕೂತರು, ನಾನು ಹಿಂದಿನ ಸಾಲಿನಲ್ಲಿ. ಇಳಿಯುವಾಗ ನನ್ನ ಕಡೆ ತಿರುಗಿ, ಕೋಲು ಎತ್ತಿ, ಹೋಗಿ ಬರುತ್ತೇನೆ ಎನ್ನುವ ಧಾಟಿಯಲ್ಲಿ "ಅಯ್ಯೋ" ಎಂದು ಇಳಿದು ಹೋದರು.

ಸಂದರ್ಶನ

ಮರುದಿನ ಪ್ರಾಧ್ಯಾಪಕಿಯ ಎದುರು ಕೂತೆ. ಪೀಠಿಕೆ ಇಲ್ಲದೆ ಕೇಳಿದರು: ಯಾಕೆ ನಿಲ್ಲಿಸಿದಿರಿ?

ನಡೆದದ್ದನ್ನು ಹೇಳಿದೆ. ನಮ್ಮ ಜನ ನೋವನ್ನು ಬಾಯಲ್ಲಿ ಒಪ್ಪುವುದಿಲ್ಲ, ಉಸಿರಲ್ಲಿ ಒಪ್ಪುತ್ತಾರೆ ಎಂದೆ. ಅರ್ಧ ಅಯ್ಯೋದ ಕಥೆ ಹೇಳಿದೆ. ಹೇಳಿ ಮುಗಿಸಿ ನಕ್ಕೆ. ಅವರು ನಗಲಿಲ್ಲ. ಸುಮ್ಮನೆ ಕೂತರು.

ನಮ್ಮಲ್ಲಿ ಎದುರಿನವರು ಹೀಗೆ ಸುಮ್ಮನಾದರೆ ಅರ್ಥ ಒಂದೇ: ಕೆಲಸ ಕೆಟ್ಟಿತು. ಕನ್ಯಾ ನೋಡಲು ಬಂದವರು ಉಪ್ಪಿಟ್ಟು ತಿಂದು ಸುಮ್ಮನಾದರೆ ಮನೆಯವರು ಮುಂದಿನ ಗಂಡು ಹುಡುಕಲು ಶುರು ಮಾಡುತ್ತಾರೆ. ಆ ಖಾಲಿ ಜಾಗಕ್ಕೆ ಏನಾದರೂ ತುಂಬಲು ನನ್ನ ನಾಲಿಗೆ ತುರಿಸುತ್ತಿತ್ತು. ತಪ್ಪಾಯಿತು ಎನ್ನಬೇಕು, ಇನ್ನೊಂದು ಅವಕಾಶ ಕೊಡಿ ಎನ್ನಬೇಕು. ಆಗ ಅಡುಗೆಮನೆಯ ಬಟ್ಟಲು ನೆನಪಾಯಿತು. ಇವರು ತಗೊಳ್ಳಲು ಹೊತ್ತು ಹಿಡಿಯುವ ಜನ. ತುಟಿ ಕಚ್ಚಿ ಕೂತೆ.

ಕೊನೆಗೆ ಅವರೇ ಮಾತಾಡಿದರು. "ನಿಮ್ಮ ಕಿವಿ ಚೆನ್ನಾಗಿದೆ. ಆದರೆ ಕೇಳಿಸಿದ್ದಕ್ಕೆ ಅರ್ಥ ನೀವೇ ಹಚ್ಚಿದಿರಿ. ಮುಂದಿನ ಸಲ ಐಲಾ ಅವರನ್ನೇ ಕೇಳಿ. ಕೇಳಿದ ಮೇಲೆ ಅವರು ಹೇಳುವ ತನಕ ಕಾಯಿರಿ." ಕಿವಿಯಿಂದ ಕೇಳುವುದು, ಬಾಯಿಂದ ಕೇಳುವುದು, ಇಂಗ್ಲಿಷಿನಲ್ಲಿ ಇವು ಎರಡು ಬೇರೆ ಶಬ್ದ. ನನ್ನ ತಲೆಯೊಳಗೆ ಎರಡೂ 'ಕೇಳು' ಎಂದೇ ಬಂದವು. ಮತ್ತೆ ನೋಡಿದರೆ ಅವರು ಎದ್ದು ನಿಂತಿದ್ದರು. ನಾಳೆ ತಿಳಿಸುತ್ತೇವೆ ಎಂದು ಕೈ ಕುಲುಕಿದರು.

ಕಿಟಕಿಯ ಪಕ್ಕದ ಕುರ್ಚಿ

ತಿಳಿಸಿದರು. ಸೀಟು ಸಿಕ್ಕಿತ್ತು.

ಫೋನಿನಲ್ಲಿ ಎರಡು ಸಲ, ಮೂರು ಸಲ ಓದಿದೆ. ಕೂಗಿ ಹೇಳಲು ಯಾರೂ ಇರಲಿಲ್ಲ. ಅಡುಗೆಮನೆಯಲ್ಲಿ ಒಬ್ಬ ಹುಡುಗಿ ಗಂಜಿ ಕಲಕುತ್ತಿದ್ದಳು, ಅವಳಿಗೆ ಹೇಳಿದೆ. ಅವಳು ನಕ್ಕು ಒಳ್ಳೆಯದು ಎಂದು, ಗಂಜಿ ಹಿಡಿದುಕೊಂಡು ಕೋಣೆಗೆ ಹೋದಳು. ಬಾಗಿಲು ಹಾಕಿದ ಸಪ್ಪಳ ಕೇಳಿಸಿತು. ಸೇರುತ್ತೇನೆ ಎಂದು ಬೇಗ ಉತ್ತರ ಬರೆಯಬೇಕಿತ್ತು. ಬರೆಯಲು ಕೈ ಬರಲಿಲ್ಲ. ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತು ಹೊರಗಿನ ಬಿಳುಪು ನೋಡಿದೆ. ಎರಡು ವರ್ಷ ಈ ಬಾಗಿಲುಗಳ ನಡುವೆ, ಅಲ್ಲಿ ಎರಡು ವರ್ಷ ದೊಡ್ಡವ್ವ ಆರಕ್ಕೆ ಬಂದು ನಿಂತಾಗ ಮತ್ತೊಂದು ಎನ್ನಲು ನಾನಿರುವುದಿಲ್ಲ. ಬೇಡ, ಹೋಗಿಬಿಡೋಣ ಎಂದೇ ಮನ ಹೇಳುತ್ತಿತ್ತು. ಮನೆಗೆ ವಿಡಿಯೋ ಕಾಲ್ ಮಾಡಿದೆ.

ವೈನಿ ಫೋನು ಹಿಡಿದರೆ ಯಾವಾಗಲೂ ಅವಳ ಅರ್ಧ ಹಣೆ, ಮೇಲಿನ ಫ್ಯಾನು ಇಷ್ಟೇ ಕಾಣುವುದು.

"ರೇಣು, ಊಟ ಆತೇನ? ಯಾಕ ಮಾರಿ ಸಣ್ಣದಾಗೇತಿ?"

"ಸೀಟ ಸಿಕ್ಕೈತ್ರಿ ವೈನಿ."

"ಅರೆ ವಾ! ಮತ್ತ ಅಳಾಕ ಯಾಕ ಹತ್ತಿ? ರೀ, ಬರ್ರಿ ಇಲ್ಲೆ, ರೇಣುಗ ಸೀಟ ಸಿಕ್ತಂತ!" ಅಣ್ಣ ತೋಟದಿಂದ ಬಂದಿರಲಿಲ್ಲ ಎಂಬುದು ಕೂಗಿದ ಮೇಲೆ ಅವಳಿಗೆ ನೆನಪಾಯಿತು.

"ದೊಡ್ಡವ್ವನ ಕಡೆ ಹಿಡೀರಿ."

ಫ್ಯಾನು ತಿರುಗಿತು, ಗೋಡೆ ಬಂತು, ಕ್ಯಾಲೆಂಡರು ಬಂತು, ದೊಡ್ಡವ್ವ ಬಂದಳು. ಪಡಸಾಲೆಯ ಕುರ್ಚಿಯಲ್ಲಿ ಕೂತಿದ್ದಳು, ಎಡಗೈಯಲ್ಲಿ ಬಲಗೈ ಹಿಡಿದುಕೊಂಡು. ನಾನು ಕೂತದ್ದೂ ಕುರ್ಚಿಯಲ್ಲೇ. ಎದುರೆದುರು ಕೂತ ಹಾಗೇ ಇತ್ತು.

"ದೊಡ್ಡವ್ವಾ, ಸೀಟ ಸಿಕ್ಕೈತಿ. ಎರಡ ವರ್ಷ ಇಲ್ಲೇ ಇರಬೇಕಾಗತೈತಿ. ನನಗ ಅಂಜಿಕಿ ಆಗಾಕತ್ತೈತಿ. ಬರಲೇನ, ಏನ ಇಲ್ಲೇ ಓದಲಿ? ನೀ ಹೇಳ."

ದೊಡ್ಡವ್ವ ಫೋನನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಶುರು ಮಾಡಿದಳು.

"ಲಾಭ. ಎರಡ. ಮೂರ. ನಾಕ. ಐದ. ಆರ..."

ನಿಂತಳು. 'ಮತ್ತೊಂದ' ನನ್ನ ನಾಲಿಗೆಯ ತುದಿಗೆ ಬಂತು. ವೈನಿಯ ಬಾಯಿಗೂ ಬಂದಿರಬೇಕು, "ಮ" ಎಂದಳು. ನಾನು ಬೆರಳು ತುಟಿಗೆ ಇಟ್ಟು ತಡೆದೆ. ಕಾದೆ. ಪಡಸಾಲೆಯ ಫ್ಯಾನಿನ ಸಪ್ಪಳ ಕೇಳಿಸುತ್ತಿತ್ತು. ದೊಡ್ಡವ್ವನ ತುಟಿ ಒಂದು ಸಲ ಕೂಡಿತು, ಬಿಟ್ಟಿತು. ಗಂಟಲಿನ ನರ ಎದ್ದು ಕಂಡಿತು. ಸಾಕು, ಯಾಕೆ ಹಿಂಸೆ ಎಂದು ನನಗೇ ಅನ್ನಿಸಿತು. ಆದರೂ ಕಾದೆ.

"ಏಳ" ಎಂದಳು.

ನಾನು ಹುಟ್ಟಿದಾಗಿನಿಂದ ಆ ಬಾಯಲ್ಲಿ ಕೇಳದ ಶಬ್ದ. ಎಂಟ ಬರುತ್ತದೆ ಎಂದು ನೋಡಿದೆ, ಬರಲಿಲ್ಲ. ಎಡಗೈ ಎತ್ತಿ, ಅಂಗೈ ಮೇಲೆ ಮಾಡಿ, ಅಂಗಳದಲ್ಲಿ ಕೂತ ಮಕ್ಕಳನ್ನು ಎಬ್ಬಿಸುವ ಹಾಗೆ ಮೇಲಕ್ಕೆ ಆಡಿಸಿದಳು. "ಏಳ... ಲಕ್ಷ್ಮೀ."

ನನಗೆ ತಿಳಿಯದೆಯೇ ಉಸಿರು ಒಳಗೆ ಹೋಯಿತು. ಹೋಗುತ್ತ ಸಪ್ಪಳ ಮಾಡಿತು.

ಫೋನು ಗಡಬಡಿಸಿ ತಿರುಗಿತು, ವೈನಿಯ ಅರ್ಧ ಹಣೆ ಬಂತು. "ಯಾಕ ರೇಣು, ಏನಾತ? ಎಲ್ಲೆರ ಬ್ಯಾನಿ ಆತೇನ?"

ಕುರ್ಚಿಯಿಂದ ಎದ್ದೆ.

"ಇಲ್ರಿ ವೈನಿ," ಎಂದೆ. "ಹೌದ ಅಂದೆ."